ಮೂಲೆಯ ಹಳೆಯ ಕಂಪ್ಯೂಟರಿಗೊಂದು ಕೆಲಸ



ನಿಮ್ಮ ಮನೆಯಲ್ಲೂ ಒಂದು ಇರಬೇಕು. ಮೇಜಿನ ಅಡಿಯಲ್ಲೋ ಕಪಾಟಿನ ಪಕ್ಕದಲ್ಲೋ ಹಳೆಯ ಟವೆಲು ಹೊದ್ದು ಕುಳಿತ ಕಂಪ್ಯೂಟರು. ಅದನ್ನು ಯಾರೂ ಬಳಸುವುದಿಲ್ಲ, ಭಂಗಾರ್‌ವಾಲಾನಿಗೆ ಕೊಡುವುದೂ ಇಲ್ಲ. ಕೇಳಿದರೆ ಅಪ್ಪ, "ಅದರಾಗ ಎಲ್ಲಾ ಐತಿ, ಇರಲಿ ಬಿಡು" ಎನ್ನುತ್ತಾರೆ. ಆ "ಎಲ್ಲಾ" ಅಂದರೆ ಏನು ಎಂದು ನೀವೂ ಕೇಳಿರುವುದಿಲ್ಲ, ಅವರೂ ಹೇಳಿರುವುದಿಲ್ಲ. ಇವತ್ತು ಅಂಥ ಕಂಪ್ಯೂಟರಿನ ಪರವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇನೆ. ನೀವು ನನಗಿಂತ ಹೆಚ್ಚು ತಿಳಿದವರು. ಆದರೂ ಸ್ವಲ್ಪ ತಾಳ್ಮೆಯಿಂದ ಓದಿ.

ನಾನು ಲೆಕ್ಕಪತ್ರ ಬರೆದು ಬದುಕುವವನು. ಡೊಂಬಿವಲಿಯ ನಮ್ಮ ಮನೆಯ ಒಂದು ಕೋಣೆಯೇ ನನ್ನ ಕಚೇರಿ. ಅಲ್ಲಿ ಮೂವರು ದುಡಿಯುತ್ತೇವೆ: ನಾನು, ಜಿಎಸ್‌ಟಿ ಕೆಲಸ ನೋಡಿಕೊಳ್ಳುವ ನನ್ನಾಕೆ, ಮತ್ತು ಮಧ್ಯಾಹ್ನದ ಮೇಲೆ ಬರುವ ಒಬ್ಬ ಕಾಲೇಜು ಹುಡುಗ. ಮೂವರಿಗೂ ಒಂದೇ ಫೈಲು ಬೇಕಾಗುತ್ತದೆ. ಮೊದಲೆಲ್ಲ ಪೆನ್‌ಡ್ರೈವ್ ಹಿಡಿದು ಓಡಾಡುತ್ತಿದ್ದೆವು. ಒಂದೇ ಖಾತೆಯ ಮೂರು ಪ್ರತಿಗಳು ಮೂರು ಕಡೆ ಕುಳಿತು, ಯಾವುದು ಸರಿ ಎಂದು ಹುಡುಕುವುದೇ ಅರ್ಧ ದಿನದ ಕೆಲಸವಾಗುತ್ತಿತ್ತು. ಆಗ ಮೂಲೆಯಲ್ಲಿದ್ದ 2011ರ ಕಂಪ್ಯೂಟರಿನ ಮೇಲಿನ ಟವೆಲು ತೆಗೆದೆ. ಅದರಲ್ಲಿ ಇರುವುದು 32 ಬಿಟ್ಟಿನ ವಿಂಡೋಸ್ 7. ಅದನ್ನೇ ಮನೆಗಚೇರಿಯ ಸರ್ವರ್ ಮಾಡಿಕೊಂಡೆ.

ಸರ್ವರ್ ಎಂಬ ಪದವನ್ನು ಮುಂಬಯಿ ಕನ್ನಡಿಗರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಉಡುಪಿ ಹೋಟೆಲಿನಲ್ಲಿ ಇಡ್ಲಿ ಸಾಂಬಾರ್ ತಂದಿಡುವವನನ್ನು ನಮ್ಮ ಹಿರಿಯರು ಕಂಪ್ಯೂಟರು ಬರುವುದಕ್ಕೆ ಎಷ್ಟೋ ಮೊದಲೇ ಸರ್ವರ್ ಎಂದು ಕರೆಯುತ್ತಿದ್ದರು. ಇಲ್ಲಿಯ ಕೆಲಸವೂ ಅದೇ. ಸಾಮಾನು ಒಂದೇ ಅಡುಗೆಮನೆಯಲ್ಲಿರುತ್ತದೆ. ಯಾವ ಮೇಜಿನವರು ಕೇಳಿದರೂ ಸರ್ವರ್ ತಂದುಕೊಡುತ್ತಾನೆ. ಗಿರಾಕಿ ತಾನೇ ಅಡುಗೆಮನೆಗೆ ನುಗ್ಗುವಂತಿಲ್ಲ. ಇದಕ್ಕೆ ಭಾರೀ ಯಂತ್ರವೇನೂ ಬೇಕಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಹಳೆಯ ಜಾಲದ ತಂತಿ ಕೂಡ ಸೆಕೆಂಡಿಗೆ 11 ಮೆಗಾಬೈಟಿನಷ್ಟು ತಂದುಕೊಡುತ್ತದೆ. ಲೆಕ್ಕದ ಹಾಳೆಗೂ ಸ್ಕ್ಯಾನ್ ಮಾಡಿದ ರಸೀದಿಗೂ ಅಷ್ಟು ಧಾರಾಳ.

ಇಲ್ಲಿ ನೀವು ತಡೆಯುತ್ತೀರಿ ಎಂದು ನನಗೆ ಗೊತ್ತು. "ವಿಂಡೋಸ್ 7? ಅಂಕಲ್, ಅದು ಸತ್ತು ಎಷ್ಟು ವರ್ಷವಾಯಿತು!" ನಿಮ್ಮ ಮಾತಿನಲ್ಲಿ ಹುರುಳಿದೆ. 2009ರ ಅಕ್ಟೋಬರ್ 22ರಂದು ಹೊರಬಂದ ಅದಕ್ಕೆ 2020ರ ಜನವರಿ 14ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಅದಕ್ಕೂ ಹಿಂದಿನ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ನಿಂತಿತ್ತು. ಆದರೆ ಬೆಂಬಲ ನಿಲ್ಲುವುದು ಎಂದರೆ ಏನು? ಯಂತ್ರ ಮರುದಿನದಿಂದ ಓಡುವುದಿಲ್ಲ ಎಂದಲ್ಲ. ಬಟ್ಟೆಯಲ್ಲಿ ಹೊಸ ತೂತು ಕಂಡಾಗ ತೇಪೆ ಹಾಕಿಕೊಡುವ ದರ್ಜಿ ಅಂಗಡಿ ಮುಚ್ಚಿದ ಎಂದು. ಬಟ್ಟೆ ಇನ್ನೂ ಗಟ್ಟಿಯಾಗಿಯೇ ಇರಬಹುದು. ಆದರೆ ಅದನ್ನು ಉಟ್ಟು ಮಳೆಯಲ್ಲಿ ಹೊರಗೆ ಹೋಗಬಾರದು.

ಆ ಮಳೆ ಎಂಥದು ಎಂಬುದು 2017ರ ಮೇ 12ರಂದು ಜಗತ್ತಿಗೆ ತಿಳಿಯಿತು. ವನ್ನಾಕ್ರೈ ಎಂಬ ಹುಳು ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಅದು ಒಳಹೊಕ್ಕ ಬಾಗಿಲು ಯಾವುದು ಗೊತ್ತೇ? ಫೈಲು ಹಂಚಿಕೊಳ್ಳಲು ವಿಂಡೋಸ್ ಯಂತ್ರಗಳು ತಮ್ಮತಮ್ಮಲ್ಲಿ ಆಡುವ ಎಸ್‌ಎಂಬಿ ಎಂಬ ಭಾಷೆಯ ಮೊದಲ ಆವೃತ್ತಿ. ಅಂದರೆ ಮನೆಯ ಸರ್ವರ್ ಮಾಡುವ ಕೆಲಸದ ಬಾಗಿಲೇ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಆ ತೂತಿಗೆ ತೇಪೆ ಮಾರ್ಚ್ 14ರಂದೇ ಸಿದ್ಧವಾಗಿತ್ತು. ಪೆಟ್ಟು ತಿಂದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7 ಇದ್ದವು. ಆಗ ಅದಕ್ಕೆ ಬೆಂಬಲವೂ ಇತ್ತು, ತೇಪೆಯೂ ಇತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ಆದ್ದರಿಂದ ವಯಸ್ಸೊಂದನ್ನೇ ದೂರಿ ಪ್ರಯೋಜನವಿಲ್ಲ. ಯಾವ ಬಾಗಿಲು ತೆರೆದಿದೆ, ಅದರಿಂದ ಯಾರು ಬರಬಹುದು ಎಂದು ನೋಡಬೇಕು.

ಇನ್ನೊಂದು ಭೇದವನ್ನೂ ಮನಸ್ಸಿನಲ್ಲಿಡಿ. ಹಳೆಯ ಯಂತ್ರ ಬೇರೆ, ಹಳೆಯ ಆಪರೇಟಿಂಗ್ ಸಿಸ್ಟಂ ಬೇರೆ. ಯಂತ್ರ ಮಾತ್ರ ಹಳೆಯದಾಗಿದ್ದು, ಅದರಲ್ಲಿ ನಿಮಗೆ ಬೇಕಾದ ಹಳೆಯ ತಂತ್ರಾಂಶ ಏನೂ ಇಲ್ಲದಿದ್ದರೆ, ವಿಂಡೋಸನ್ನು ತೆಗೆದು ಡೆಬಿಯನ್‌ನಂಥ ಲಿನಕ್ಸ್ ಹಾಕಿ. 1992ರ ಸುಮಾರಿಗೆ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಆರಂಭಿಸಿದ ಸಾಂಬಾ ಎಂಬ ತಂತ್ರಾಂಶ ಲಿನಕ್ಸಿಗೆ ವಿಂಡೋಸಿನ ಆ ಭಾಷೆಯನ್ನು ಕಲಿಸಿಕೊಟ್ಟಿದೆ. ಖರ್ಚಿಲ್ಲ, ತೇಪೆಗಳೂ ತಪ್ಪದೆ ಬರುತ್ತವೆ. ಆದರೆ ಬೇಗ ಮಾಡಿ; 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13, ಬರೀ 32 ಬಿಟ್ಟಿನ ಯಂತ್ರಗಳಲ್ಲಿ ಅನುಸ್ಥಾಪಿಸುವ ವ್ಯವಸ್ಥೆಯನ್ನು ಕೈಬಿಟ್ಟಿದೆ. ಮುದುಕರಿಗೆ ಎಲ್ಲ ಕಡೆಯೂ ಜಾಗ ಕಡಿಮೆಯಾಗುತ್ತಿದೆ.

ಹಾಗಾದರೆ ನಾನೇಕೆ ವಿಂಡೋಸ್ 7ನ್ನೇ ಉಳಿಸಿಕೊಂಡೆ? ಎರಡು ಕಾರಣ. ಒಂದು, ನನ್ನ ಹಳೆಯ ಗಿರಾಕಿಗಳ ಲೆಕ್ಕಗಳು ಡಾಸ್ ಕಾಲದ ಒಂದು ತಂತ್ರಾಂಶದಲ್ಲಿವೆ. 16 ಬಿಟ್ಟಿನ ಅಂಥ ತಂತ್ರಾಂಶ 64 ಬಿಟ್ಟಿನ ವಿಂಡೋಸಿನಲ್ಲಿ ನೇರವಾಗಿ ಓಡುವುದಿಲ್ಲ. ವಿಂಡೋಸ್ 11 ಅಂತೂ ಬರುವುದೇ 64 ಬಿಟ್ಟಿನಲ್ಲಿ. ಎರಡನೆಯ ಕಾರಣ ಕನ್ನಡ. ಅದನ್ನು ಮುಂದೆ ಹೇಳುತ್ತೇನೆ.

ಉಳಿಸಿಕೊಂಡೆನಾದರೂ ಕಟ್ಟುನಿಟ್ಟು ಮಾಡಿದೆ. ಮೊದಲನೆಯ ಕಟ್ಟು: ಹಳೆಯ ಯಂತ್ರಕ್ಕೆ ಹಳೆಯ ಕಡತ. ಈ ವರ್ಷದ ಲೆಕ್ಕ, ಪಾಸ್‌ವರ್ಡು, ಬ್ಯಾಂಕಿನ ವ್ಯವಹಾರ ಎಲ್ಲವೂ ಹೊಸ ಯಂತ್ರದಲ್ಲಿ. ಮುಗಿದ ವರ್ಷಗಳ ದಾಖಲೆ ಮಾತ್ರ ಸರ್ವರಿನಲ್ಲಿ. ಅವು ಬೇಡವಾದ ಕಸವೇನಲ್ಲ. 2013ರ ಕಂಪನಿ ಕಾಯಿದೆ 8 ವರ್ಷಗಳ ಲೆಕ್ಕದ ಪುಸ್ತಕ ಇಟ್ಟಿರಬೇಕೆನ್ನುತ್ತದೆ. ಜಿಎಸ್‌ಟಿ ಕಾಯಿದೆ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಎನ್ನುತ್ತದೆ. ನೋಟೀಸು ಬಂದ ದಿನ ಹಳೆಯ ರಸೀದಿ ಸಿಗದಿದ್ದರೆ ಗಿರಾಕಿಯ ಮುಖ ನೋಡಲಾಗುವುದಿಲ್ಲ. ಈ ಫೋಲ್ಡರುಗಳನ್ನು ಓದಲು ಎಲ್ಲರಿಗೂ ಅನುಮತಿಯಿದೆ, ತಿದ್ದಲು ಯಾರಿಗೂ ಇಲ್ಲ. ಮೂವರಿಗೂ ಬೇರೆಬೇರೆ ಹೆಸರು, ಬೇರೆಬೇರೆ ಪಾಸ್‌ವರ್ಡು.

ಎರಡನೆಯ ಕಟ್ಟು: ಸರ್ವರ್ ಮನೆಯ ಹೊಸ್ತಿಲು ದಾಟಬಾರದು. ಇದಕ್ಕೆ ನಾನು ಮಾಡಿದ ಉಪಾಯ ಸರಳ. ಅದಕ್ಕೆ ಐಪಿ ವಿಳಾಸವನ್ನು ಕೈಯಾರೆ ಬರೆದು, ಗೇಟ್‌ವೇ ಎಂಬ ಖಾನೆಯನ್ನು ಖಾಲಿ ಬಿಟ್ಟೆ. ಐಪಿ ಆರನೇ ಆವೃತ್ತಿಯನ್ನು ಪೂರ್ತಿ ನಿಲ್ಲಿಸಿದೆ. ಊರಿನ ಹೊರಗೆ ಹೋಗುವ ದಾರಿಯೇ ಗೊತ್ತಿಲ್ಲದವನು ಊರೊಳಗೇ ಇರುತ್ತಾನಲ್ಲವೇ? ಒಂದು ತೊಡಕು ಮಾತ್ರ ಇದೆ. ಗೇಟ್‌ವೇ ಇಲ್ಲದ ಜಾಲವನ್ನು ವಿಂಡೋಸ್ 7 ಗುರುತು ಸಿಗದ ಜಾಲವೆಂದು ಭಾವಿಸಿ, ರೈಲ್ವೆ ಸ್ಟೇಶನ್ನಿನಲ್ಲಿ ಕುಳಿತಂತೆ ಎಲ್ಲ ಬಾಗಿಲು ಹಾಕಿಕೊಂಡುಬಿಡುತ್ತದೆ. ಆಗ ಯಾರಿಗೂ ಫೈಲು ಕಾಣುವುದಿಲ್ಲ. ಪ್ರೊಫೆಷನಲ್ ಆವೃತ್ತಿಯಲ್ಲಿ ಸುರಕ್ಷತಾ ನೀತಿಯ ಪುಟಕ್ಕೆ ಹೋಗಿ, ಅಂಥ ಜಾಲವನ್ನು ಖಾಸಗಿ ಎಂದು ಭಾವಿಸು ಎಂದು ಹೇಳಬೇಕು. ಎಸ್‌ಎಂಬಿಯ ಮೊದಲ ಆವೃತ್ತಿಯನ್ನೂ ನಿಲ್ಲಿಸಿದ್ದೇನೆ. ವಿಂಡೋಸ್ 7ಕ್ಕೆ ಎರಡನೆಯ ಆವೃತ್ತಿ ಬರುತ್ತದೆ, ಆದ್ದರಿಂದ ಹೊಸ ಯಂತ್ರಗಳ ಜತೆ ಮಾತಿಗೆ ಅಡ್ಡಿಯಿಲ್ಲ. ನಿಮ್ಮ ಮನೆಯದು ಎಕ್ಸ್‌ಪಿಯಾದರೆ ಈ ದಾರಿ ಹಿಡಿಯಬೇಡಿ. ಅದಕ್ಕೆ ಮೊದಲ ಆವೃತ್ತಿ ಬಿಟ್ಟು ಬೇರೇನೂ ಬಾರದು. ಅದನ್ನು ಜಾಲಕ್ಕೆ ಸೇರಿಸದೆ, ಬೇಕಾದ್ದನ್ನು ಹೊರತೆಗೆದುಕೊಂಡು ಕೈಮುಗಿಯುವುದು ಲೇಸು.

ಹೊರಗೆ ಹೋಗದಿದ್ದರೆ ಸಾಕೇ? ಸಾಲದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯಿದೆ. ಹೊಸ ಲ್ಯಾಪ್‌ಟಾಪಿಗೆ ಮಿಂಚಂಚೆಯಲ್ಲಿ ಬಂದ ರೋಗ ಮನೆಯ ತಂತಿ ಹಿಡಿದು ಸರ್ವರಿನ ತನಕ ಬಂದೇ ಬರುತ್ತದೆ. ಅದಕ್ಕೇ ಮೂರನೆಯ ಕಟ್ಟು, ಎಲ್ಲಕ್ಕಿಂತ ದೊಡ್ಡದು: ನಕಲು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲಾಗುವುದಿಲ್ಲ. ಪ್ರತಿ ಫೈಲಿಗೂ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಮನೆಯ ಹೊರಗೆ. ವಿಂಡೋಸಿನೊಳಗೇ ಇರುವ ರೋಬೋಕಾಪಿ ಎಂಬ ಆಜ್ಞೆ ಹೊಸದಾಗಿ ಬಂದದ್ದನ್ನಷ್ಟೇ ಹೊರಗಿನ ಡಿಸ್ಕಿಗೆ ಹೊತ್ತುಕೊಂಡು ಹೋಗುತ್ತದೆ. ಕೆಲಸ ಮುಗಿದೊಡನೆ ಆ ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಬೇಕು. ಸಿಕ್ಕಿಸಿಯೇ ಬಿಟ್ಟರೆ ಬೀಗ ಜಡಿಯುವ ಹುಳು ಅದಕ್ಕೂ ಜಡಿಯುತ್ತದೆ. ಎರಡನೆಯ ಪ್ರತಿ ಠಾಣೆಯ ತಂಗಿಯ ಮನೆಯಲ್ಲಿದೆ, ಪಾಸ್‌ವರ್ಡಿನಿಂದ ಭದ್ರಮಾಡಿ. ತಿಂಗಳ ಮೊದಲ ಭಾನುವಾರ ನಮ್ಮಲ್ಲೊಂದು ಪರೀಕ್ಷೆ. ನನ್ನಾಕೆ ಯಾವುದೋ ಹಳೆಯ ಫೈಲಿನ ಹೆಸರು ಹೇಳುತ್ತಾಳೆ. ನಾನು ಅದನ್ನು ಸರ್ವರ್ ಮುಟ್ಟದೆ, ಡಿಸ್ಕಿನ ಪ್ರತಿಯಿಂದ ತೆಗೆದು ತೋರಿಸಬೇಕು. ತೆಗೆದು ನೋಡದ ನಕಲು ನಕಲೇ ಅಲ್ಲ.

ಇನ್ನು ಯಂತ್ರದ ದೇಹದ ಆರೈಕೆ. ಮುಂಬಯಿಯ ಮಳೆಗಾಲದ ತೇವ, ಆಗಾಗ ಹೋಗಿಬರುವ ಕರೆಂಟು ಎರಡೂ ಅದಕ್ಕೆ ವೈರಿ. ಯುಪಿಎಸ್ ಬೇಕೇ ಬೇಕು. ಒಳಗೆ ನಾಣ್ಯದಂಥ ಬ್ಯಾಟರಿಯೊಂದಿರುತ್ತದೆ. ಅದು ಸತ್ತರೆ ಯಂತ್ರ ತಾರೀಖು ಮರೆತು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಫೈಲುಗಳ ದಿನಾಂಕವೆಲ್ಲ ಅಸ್ತವ್ಯಸ್ತ. ಅಂಥದೊಂದು ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಬದಲಿಸಿ. ಖರ್ಚಿನ ಲೆಕ್ಕವನ್ನೂ ಹಾಕಿ. 60 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ಓಡಿದರೆ ತಿಂಗಳಿಗೆ 43 ಯೂನಿಟ್. ದಿನಕ್ಕೆ 10 ಗಂಟೆಯಂತೆ 25 ದಿನ ಓಡಿದರೆ 15 ಯೂನಿಟ್. ನಮ್ಮ ಸರ್ವರ್ ರಾತ್ರಿ ಮಲಗುತ್ತದೆ.

ಈಗ ಕನ್ನಡದ ಮಾತು. ಈ ಪತ್ರ ನಿಮಗೆ ಬರೆಯುವುದಕ್ಕೆ ಕಾರಣವೂ ಇದೇ.

ನಮ್ಮ ಅಪ್ಪ ನಿವೃತ್ತರಾದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಕಲಿತರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ "ಬರಹ" ಆಗ ಹೊರನಾಡ ಕನ್ನಡಿಗರಿಗೆ ದೊಡ್ಡ ಆಸರೆ. 2003ರಿಂದ ಅಪ್ಪ ಅದರಲ್ಲಿ ದಿನಕ್ಕೆ ಅರ್ಧ ಪುಟದಂತೆ ತಮ್ಮ ನೆನಪುಗಳನ್ನು ಬರೆದರು. 1962ರಲ್ಲಿ ಗದಗಿನಿಂದ ಹೊರಟು, ಪುಣೆಯಲ್ಲಿ ಗಾಡಿ ಬದಲಿಸಿ, ವಿ.ಟಿ. ಸ್ಟೇಶನ್ನಿನಲ್ಲಿ ಇಳಿದದ್ದು; ಹಗಲು ಕ್ಯಾಂಟೀನು, ಇರುಳು ಕನ್ನಡ ರಾತ್ರಿಶಾಲೆ; ಮುಂದೆ ಪರೇಲಿನ ಗಿರಣಿಯಲ್ಲಿ ಗುಮಾಸ್ತಿಕೆ; 1982ರ ಜನವರಿಯಲ್ಲಿ ಆರಂಭವಾದ ಮುಷ್ಕರ, ಅದರ ನಂತರದ ಬರಿಗೈ ದಿನಗಳು. 2018ರಲ್ಲಿ ಅಪ್ಪ ತೀರಿಕೊಂಡರು. ಬರೆದದ್ದೆಲ್ಲ ಆ ಮೂಲೆಯ ಯಂತ್ರದಲ್ಲಿ ಉಳಿಯಿತು.

ನನ್ನ ಮಗಳು ಒಂದು ದಿನ ಆ ಫೈಲನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು. "ಅಪ್ಪಾ, ಇದೇನು, ಅಜ್ಜ ಕೋಡ್ ಭಾಷಾದಾಗ ಬರದಾನೇನು?" ಎಂದಳು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ತಲೆಯ ಮೇಲೆ ಗೀರು ಎಳೆದುಕೊಂಡ ಚಿಹ್ನೆಗಳು. ಕಾರಣ ಹೀಗಿದೆ. ಆ ಕಾಲದ ಫಾಂಟುಗಳು ಕಂಪ್ಯೂಟರಿಗೆ ಕನ್ನಡ ಕಲಿಸಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸಿದ್ದವು. "ನುಡಿ", "ಬರಹ"ಗಳ ಹಳೆಯ ಫಾಂಟುಗಳಲ್ಲಿ "ಕನ್ನಡ" ಎಂದು ಬರೆದರೆ ಒಳಗೆ ದಾಖಲಾಗುವುದು ಇಂಗ್ಲಿಷಿನ ಪಿ ಅಕ್ಷರದಿಂದ ಆರಂಭವಾಗುವ ಒಂದು ಸಾಲು. ಪಿ ಎಂದರೆ ತಲೆಕಟ್ಟಿಲ್ಲದ ಕ. ತಲೆಕಟ್ಟು ಇನ್ನೊಂದು ಚಿಹ್ನೆ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಈಗ ನಿಮ್ಮ ಫೋನಿನಲ್ಲಿರುವುದು ಯೂನಿಕೋಡ್. ಅದರಲ್ಲಿ ಕ ಎಂಬುದಕ್ಕೆ ತನ್ನದೇ ಸಂಖ್ಯೆಯಿದೆ, ಎಲ್ಲಿ ತೆರೆದರೂ ಅದು ಕ ಆಗಿಯೇ ಇರುತ್ತದೆ.

ಹಳೆಯ ಯಂತ್ರವನ್ನು ಹಾಗೇ ಉಳಿಸಿಕೊಂಡದ್ದರಿಂದ ಈ ದಾಟುವಿಕೆ ಸುಲಭವಾಯಿತು. ಅಪ್ಪ ಬಳಸಿದ ಆವೃತ್ತಿ, ಅವರ ಫಾಂಟು ಎರಡೂ ಇದ್ದವು. ಮೊದಲು ಪ್ರತಿ ಫೈಲನ್ನೂ ಪಿಡಿಎಫ್ ಮಾಡಿಟ್ಟೆ; ಅಕ್ಷರಗಳ ರೂಪ ಭದ್ರವಾಯಿತು. ಆಮೇಲೆ ನಕಲನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿದೆ. ಆ ಸೌಲಭ್ಯ ತಂತ್ರಾಂಶದಲ್ಲೇ ಇದೆ. ಮೂಲವನ್ನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಪರಿವರ್ತನೆಯಾದ ಮೇಲೆ ಪಿಡಿಎಫ್ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಬೇಕು. ಹೆಚ್ಚಾಗಿ ಎಡವುವುದು ಅರ್ಕಾವೊತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರ-ಕಾರ ಮೊದಲು ಬರಬೇಕು. ಸೂರ್ಯ, ಧರ್ಮ, ಕಾರ್ಯ ಇಂಥ ಪದಗಳನ್ನು ಹುಡುಕಿ ನೋಡಿ.

ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುತ್ತಾಳೆ, ಓದಲು ಬಾರದು. ನಿಮ್ಮಲ್ಲಿ ಅನೇಕರ ಸ್ಥಿತಿಯೂ ಇದೇ ಎಂದು ಬಲ್ಲೆ, ನಾಚಿಕೆ ಪಡಬೇಕಾಗಿಲ್ಲ. ಯೂನಿಕೋಡಾದ ಪುಟವನ್ನು ಅವಳ ಫೋನು ಗಟ್ಟಿಯಾಗಿ ಓದಿ ಹೇಳಿತು. ದನಿ ಯಂತ್ರದ್ದೇ, ಉಚ್ಚಾರದಲ್ಲಿ ಗದಗಿನ ಗಾಳಿಯಿಲ್ಲ. ಆದರೂ ಅಜ್ಜನ ಮಾತು. ಮುಷ್ಕರದ ಅಧ್ಯಾಯವನ್ನು ಅವಳು ಲೋಕಲ್ ಗಾಡಿಯಲ್ಲಿ, ಕಿವಿಗೆ ಸಿಕ್ಕಿಸಿಕೊಂಡು, ಪರೇಲ್ ದಾಟುವಾಗ ಕೇಳಿದಳಂತೆ. ಈಗ ಪುಟವನ್ನು ಕಣ್ಣಿನಿಂದಲೂ ಹಿಂಬಾಲಿಸುತ್ತ ಒಂದೊಂದೇ ಅಕ್ಷರ ಗುರುತಿಸುತ್ತಿದ್ದಾಳೆ.

ಆದರೆ ಯಾವ ತಂತ್ರಾಂಶವೂ ಬಿಡಿಸಲಾರದ ಒಂದು ಗಂಟಿತ್ತು. ಅಪ್ಪನ ಫೋಲ್ಡರಿನಲ್ಲಿ ಹನ್ನೊಂದು ಫೈಲುಗಳಿಗೆ ಹೆಸರೇ ಇರಲಿಲ್ಲ, ಬರೀ ಅಂಕಿ: 3, 7, 12, 19, ಹೀಗೆ. ತಾರೀಖಲ್ಲ, ಅಧ್ಯಾಯವೂ ಅಲ್ಲ. ಒಳಗೆ ಯಾರ‍್ಯಾರದೋ ಸಂಸಾರದ ಕತೆಗಳು, ಹೆಸರಿಲ್ಲದೆ. ಅವ್ವನಿಗೆ ಓದಿ ಹೇಳಿದೆ. ಅವ್ವ ಎರಡು ಸಾಲು ಕೇಳಿದ್ದೇ ತಡ, "ಅಯ್ಯ, ಅದು ನಮ್ಮ ಚಾಳಿನ ಖೋಲಿ ನಂಬರಪ್ಪ" ಅಂದಳು. ಏಳನೆಯ ಖೋಲಿಯವರು ಯಾರು, ಹನ್ನೆರಡರಲ್ಲಿ ಯಾರು, ಮುಷ್ಕರದ ವರ್ಷ ಯಾರು ಯಾರಿಗೆ ಅಕ್ಕಿ ಕೊಟ್ಟರು, ಎಲ್ಲ ಬಂತು. ಅವಳು ಹೇಳಿದ್ದನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಸೇರಿಸಿದೆ. ಅವ್ವನಿಗೆ ಈಗ 81. ಅವಳನ್ನು ಬಿಟ್ಟರೆ ಆ ಅಂಕಿಗಳ ಅರ್ಥ ಬಲ್ಲವರು ಇನ್ನು ಯಾರೂ ಇಲ್ಲ.

ಇದನ್ನೇ ನಿಮಗೆ ಹೇಳಬೇಕೆಂದಿದ್ದೆ. ಯಂತ್ರ ಹಾಳಾದರೆ ಡಿಸ್ಕನ್ನು ಬಿಚ್ಚಿ ಓದಬಹುದು. ಆಪರೇಟಿಂಗ್ ಸಿಸ್ಟಂ ಹಳತಾದರೆ ಗೋಡೆ ಕಟ್ಟಿ ಕಾಪಾಡಬಹುದು. ಆದರೆ ಫೈಲಿನೊಳಗೆ ಏನಿದೆ, ಅದಕ್ಕೆ ಆ ಹೆಸರು ಯಾಕೆ, ಪಾಸ್‌ವರ್ಡು ಏನು, ಇವೆಲ್ಲ ಮನೆಯ ಹಿರಿಯರ ತಲೆಯಲ್ಲಿರುತ್ತವೆ. ಅದಕ್ಕೆ ನಕಲು ಇರುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದಿದೆ. ಇನ್ನು ಮೇಲೆ ಇಂಥ ಮುದಿ ಯಂತ್ರಗಳು ನಮ್ಮ ಮನೆಗಳಲ್ಲಿ ಇನ್ನಷ್ಟು ಹೆಚ್ಚುತ್ತವೆ. ನಮ್ಮ ಸರ್ವರಿಗೂ ನಾನು ನಿವೃತ್ತಿಯ ದಿನ ಗೊತ್ತುಮಾಡಿ, ಚೀಟಿ ಬರೆದು ಅದರ ನೆತ್ತಿಗೆ ಅಂಟಿಸಿದ್ದೇನೆ: ಹಳೆಯ ಲೆಕ್ಕಗಳ ಕಾನೂನಿನ ಅವಧಿ ಮುಗಿದು, ಅಪ್ಪನ ಕೊನೆಯ ಪುಟ ಯೂನಿಕೋಡಾದ ದಿನ. ಅಲ್ಲಿಯ ತನಕ ಅದು ದುಡಿಯಲಿ.

ನೀವು ಮುಂದಿನ ರಜೆಯಲ್ಲಿ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಜಾಲದ ತಂತಿ ಸಿಕ್ಕಿಸದೆ ಮೂಲೆಯ ಯಂತ್ರವನ್ನು ಚಾಲೂ ಮಾಡಿ. ಒಬ್ಬರೇ ಕೂರಬೇಡಿ. ಅಪ್ಪನನ್ನೋ ಅಮ್ಮನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಫೋಲ್ಡರ್ ತೆರೆದು, "ಇದೇನು?" ಎಂದು ಕೇಳಿ. ಅವರು ಹೇಳಿದ್ದನ್ನು ನಿಮಗೆ ಬಂದ ಲಿಪಿಯಲ್ಲೇ ಬರೆದುಕೊಳ್ಳಿ. ದೇವನಾಗರಿಯಾದರೂ ಸರಿ, ಇಂಗ್ಲಿಷಾದರೂ ಸರಿ. ಹೊರಗಿನ ಡಿಸ್ಕಿಗೆ ಒಂದು ನಕಲು ತೆಗೆಯಿರಿ. ಉಳಿದದ್ದನ್ನೆಲ್ಲ ಮರುದಿನ ಮಾಡಬಹುದು.